ಹೋಗಿ ಬನ್ನಿ ಅನ್ನುವ ಕೆಲಸ

ನಮ್ಮೂರಿನ ವಿಮಾನ ನಿಲ್ದಾಣದಲ್ಲಿ ನನ್ನದು ಹೋಗಿ ಬನ್ನಿ ಅನ್ನುವ ಕೆಲಸ. ಪ್ರಯಾಣಿಕರಿಗಲ್ಲ, ಅವರಿಗೆ ಅವರವರ ಮನೆಯವರು ಹೇಳಿಕೊಳ್ಳುತ್ತಾರೆ. ನಾನು ಹೇಳುವುದು ರನ್‌ವೇ ಮೇಲೆ ಬಂದು ಕೂರುವ ಅವರಿಗೆ. ಅವರು ಅಂದರೆ ಯಾರು ಅಂತ ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ ಇವರು, ಅವರು ಅಂತಲೇ ಸಂಸಾರ ತೂಗಿಸಿದ ಹಾಗೆ, ಬೆಳ್ಳಗೆ, ತಣ್ಣಗೆ, ಸದ್ದಿಲ್ಲದೆ ಬಂದು ಎಲ್ಲವನ್ನೂ ಮುಚ್ಚಿಬಿಡುವ ಅದನ್ನು ನಾವು ಹೆಸರು ಹಿಡಿದು ಕರೆದವರಲ್ಲ. ಹೊರಗಿನವರಾದ ನಿಮಗೆ ತಿಳಿಯಲಿ ಅಂತ ಬರೆಯುತ್ತೇನೆ: ಮಂಜು. ಬರೆದರೆ ತೊಂದರೆಯಿಲ್ಲ, ಬಾಯಲ್ಲಿ ಅನ್ನಬಾರದು ಅಷ್ಟೆ.

ನಮ್ಮಲ್ಲಿ ಬೀಳ್ಕೊಡುವಾಗ ಆಡಿದ ಮಾತು ಆಡಿದ ಹಾಗೇ ನಡೆದುಬಿಡುತ್ತದೆ. ಉಳಿಯುವವರು "ಹೋಗಿ ಬಾ" ಅಂದರೆ ಹೊರಟವರು ಹೋಗುತ್ತಾರೆ, ಮತ್ತೆ ಬರುತ್ತಾರೆ. ಹೊರಡುವವರು "ಬರ್ತೀನಿ" ಅಂತ ತಾವೇ ಎಷ್ಟು ಸಲ ಅಂದುಕೊಂಡರೂ ಅದು ಲೆಕ್ಕಕ್ಕಿಲ್ಲ. ಇನ್ನು ಬರೀ "ಹೋಗು" ಅಂದಿರೋ, ಮುಗಿಯಿತು. ಕಾಲು ತಾನಾಗಿ ಎದ್ದು ನಡೆಯುತ್ತದೆ, ಮತ್ತೆ ಈ ಕಡೆ ತಿರುಗುವುದಿಲ್ಲ. ಟೈಲರ್ ಹಾಲಪ್ಪ ಇಸ್ಪೀಟಾಡುತ್ತ ಕೂತಿದ್ದ ತನ್ನ ಭಾವಮೈದನಿಗೆ ತಮಾಷೆಗೆ "ಹೋಗಯ್ಯ ನೀನೊಬ್ಬ" ಅಂದ. ಆತ ಕೈಯಲ್ಲಿದ್ದ ಎಲೆ ಕೆಳಗಿಟ್ಟು ಎದ್ದ, ಚಪ್ಪಲಿ ಮೆಟ್ಟಿದ, ಹೋದ. ವರ್ಷಕ್ಕೊಂದು ಕಾರ್ಡು ಬರುತ್ತದೆ, ಪ್ರತಿ ಸಲವೂ ಮೊದಲಿಗಿಂತ ದೂರದ ಊರಿನಿಂದ. ಕೂಗಿ ಕರೆದರೆ ಬರುತ್ತಾರೆ ಅಂತೇನೋ ಹಿರಿಯರು ಹೇಳುತ್ತಾರೆ. ಆದರೆ ಕಿವಿಗೆ ಕೇಳುವಷ್ಟು ದೂರದಲ್ಲಿ ಇರುವಾಗಲೇ ಕರೆಯಬೇಕಂತೆ. ಹೋಗು ಅಂದವರಿಗೆ ಬಾ ಅನ್ನಬೇಕು ಅಂತ ಅನ್ನಿಸುವುದು ಸಂಜೆಯ ಹೊತ್ತಿಗೆ. ಆದ್ದರಿಂದ ಆ ಪದವನ್ನು ನಾವು ಮರೆತೂ ಬಾಯಿಗೆ ತರುವುದಿಲ್ಲ. "ಹೋಗಲಿ ಬಿಡು" ಅನ್ನುವ ಮಾತೂ ನಮ್ಮಲ್ಲಿಲ್ಲ. ಹಾಗಾಗಿ ನಮ್ಮೂರಿನ ಜಗಳಗಳಲ್ಲಿ ಒಂದೂ ಇನ್ನೂ ಮುಗಿದಿಲ್ಲ.

ಇಷ್ಟು ಮರ್ಯಾದಸ್ಥರ ಊರಿಗೆ ದಿನಕ್ಕೆ ಎಪ್ಪತ್ತು ವಿಮಾನ. ಎಲ್ಲ ಊರುಗಳಿಗೂ ನಡುವೆ ಇದೆ ಅಂತ ಯಾರೋ ನಮ್ಮಲ್ಲೇ ನಿಲ್ದಾಣ ಕಟ್ಟಿದರು. ಬೆಳಗಾದರೆ ಅವರು ಬರುತ್ತಾರೆ. ನಾನು ಪ್ರಯಾಣಿಕರು ಕಾಯುವ ಹಾಲಿನ ಮೂಲೆಯಲ್ಲಿರುವ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ, "ಬಂದಿದ್ದು ಸಂತೋಷ, ಹೊತ್ತಾಯಿತು, ತಾವು ಹೋಗಿ ಬನ್ನಿ" ಅನ್ನುತ್ತೇನೆ. ಅವರು ದೊಡ್ಡ ಮನುಷ್ಯರ ಹಾಗೆ ನಿಧಾನಕ್ಕೆ ಏಳುತ್ತಾರೆ. ಹೋಗುತ್ತಾರೆ. ಐವತ್ತು ನಿಮಿಷಕ್ಕೆ ಸರಿಯಾಗಿ ಮತ್ತೆ ಬರುತ್ತಾರೆ, ಯಾಕೆಂದರೆ ನಾನೇ ಬನ್ನಿ ಅಂದಿದ್ದೇನಲ್ಲ! ಆ ಐವತ್ತು ನಿಮಿಷದಲ್ಲಿ ಹತ್ತು ವಿಮಾನ ಹಾರುತ್ತವೆ, ಎಂಟು ಇಳಿಯುತ್ತವೆ. ಉಳಿದವು ಕಾಯುತ್ತವೆ. ಜನರೂ ಹೊಂದಿಕೊಂಡಿದ್ದಾರೆ. ಚಾಪೆ, ಚೌಕಾಬಾರದ ಕವಡೆ, ಮೊಸರನ್ನ, ಉಪ್ಪಿನಕಾಯಿ ಎಲ್ಲ ತರುತ್ತಾರೆ. ಇದೇ ಹಾಲಿನಲ್ಲಿ ಹೆಣ್ಣು ನೋಡಿ, ಇದೇ ಹಾಲಿನಲ್ಲಿ ಮಾತುಕತೆ ಮುಗಿಸಿ, ಎರಡು ಕುಟುಂಬ ಒಂದೇ ವಿಮಾನ ಹತ್ತಿದ್ದೂ ಉಂಟು.

ನನಗೆ ಒಬ್ಬಳೇ ಮಗಳು, ಮಂಜರಿ. ಮನೆಯಲ್ಲಿ ನಾವಿಬ್ಬರೇ. ಹೆಸರನ್ನು ಮೊಟಕು ಮಾಡಿ ಕರೆಯಬಾರದು ಅಂತ ಶಾಲೆಯಲ್ಲಿ, ಬೀದಿಯಲ್ಲಿ ಎಲ್ಲರಿಗೂ ತಾಕೀತು. ಆದರೆ ಪ್ರೀತಿ ಉಕ್ಕಿದಾಗ ಹೆಸರು ಮೊಟಕು ಮಾಡದ ತಾಯಿ ಎಲ್ಲಾದರೂ ಇದ್ದಾಳೆಯೇ? ಮನೆಯ ಕಿಟಕಿ ಬಾಗಿಲು ಎಲ್ಲ ಹಾಕಿಕೊಂಡು ನಾನು ಅವಳನ್ನು ಮಂಜು ಅಂತಲೇ ಕರೆಯುತ್ತಿದ್ದೆ. ಅವಳು ಖೋಖೋ ಆಡುತ್ತಾಳೆ. ಆಡುತ್ತಾಳೆ ಅಂದರೆ ಏನು, ಕಂಬದಿಂದ ಕಂಬಕ್ಕೆ ಅವಳು ಓಡುವುದನ್ನು ನೋಡಿದರೆ ಕಾಲಿಗೆ ನೆಲ ಮುಟ್ಟುತ್ತದೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಈ ಸಲ ಅವಳ ನಾಯಕತ್ವದಲ್ಲಿ ನಮ್ಮೂರ ಹುಡುಗಿಯರ ತಂಡ ಫೈನಲ್ ಮುಟ್ಟಿತ್ತು. ಅಲ್ಲಿಯವರೆಗೆ ನಮ್ಮೂರ ತಂಡ ಯಾವ ಆಟದಲ್ಲೂ ಫೈನಲ್ ಮುಟ್ಟಿದ್ದಿಲ್ಲ. ಊರಿಗೆ ಊರೇ ಕುಣಿಯಿತು.

ಆಟ ಇದ್ದದ್ದು ದೂರದ ಊರಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಎರಡು ಗಂಟೆಯೊಳಗೆ ಮೈದಾನದಲ್ಲಿ ಹಾಜರಿ ಹಾಕದಿದ್ದರೆ ಎದುರಾಳಿ ಗೆದ್ದ ಹಾಗೆ. ಆ ದಿಕ್ಕಿಗೆ ಇದ್ದದ್ದು ಒಂದೇ ವಿಮಾನ, ಬೆಳಿಗ್ಗೆ ಏಳೂವರೆಯದು. ಎರಡು ಗಂಟೆಯ ಹಾರಾಟ. ಆರೂವರೆ ಗಂಟೆ ಮುಂಚೆ ಬಿಡುತ್ತೆ, ಇನ್ನೇನು ಭಯ ಅಂದುಕೊಂಡಿದ್ದೆವು. ಮಿಕ್ಕ ಹುಡುಗಿಯರ ತಾಯಂದಿರು ಮನೆ ಬಾಗಿಲಲ್ಲೇ ಹೋಗಿ ಬಾ ಅಂದು ಕಳಿಸಿದ್ದರು. ನಾನು ಹೇಗೂ ನಿಲ್ದಾಣದಲ್ಲೇ ಇರುವವಳು, ಕೊನೆಯ ಬಾಗಿಲಲ್ಲಿ ನಿಂತು ಬಾಯ್ತುಂಬ ಹೇಳೋಣ ಅಂತ ಮಾತನ್ನು ಇಟ್ಟುಕೊಂಡಿದ್ದೆ.

ಆಟದ ದಿನ ಬೆಳಿಗ್ಗೆ ಆರೂವರೆಗೆ ಮೈಕ್ ಹಿಡಿದು ಹೋಗಿ ಬನ್ನಿ ಅಂದೆ. ಅವರು ಹೋದರು. ಜನ ಸಾಲು ನಿಂತರು. ಅವತ್ತು ಏನಾಗಿತ್ತೋ, ನಾಲ್ಕೇ ನಿಮಿಷಕ್ಕೆ ಅವರು ವಾಪಸು ಬಂದು ಮೊದಲಿಗಿಂತ ದಟ್ಟವಾಗಿ ಕೂತರು! ಮತ್ತೆ ಹೇಳಿದೆ. ಮತ್ತೆ ಹೋದರು, ಮತ್ತೆ ನಾಲ್ಕು ನಿಮಿಷಕ್ಕೆ ಬಂದರು. ಗೇಟಿನಿಂದ ಹೊರಟು, ಉರುಳಿ, ಹಾರಿ ಮೇಲೇರಲು ಒಂದು ವಿಮಾನಕ್ಕೆ ಹನ್ನೆರಡು ನಿಮಿಷವಾದರೂ ಬೇಕು. ಟವರಿನಲ್ಲಿ ಕೂರುವ ಫಕ್ರುದ್ದೀನ್ ಸಾಹೇಬರು ಇಂಟರ್‌ಕಾಮಿನಲ್ಲಿ ತಲೆ ಚಚ್ಚಿಕೊಂಡರು. "ನೀಲಕ್ಕ, ರನ್‌ವೇ ದೀಪ ಒಂಬತ್ತು ಕಾಣಿಸಿದ್ರೆ ಬಿಡ್ತೀನಿ. ಎರಡು ಕಾಣ್ತಾ ಇದೆ. ಮೇಲೆ ಐದು ಗಾಡಿ ಸುತ್ತು ಹೊಡೀತಿವೆ, ಎಣ್ಣೆ ಮುಗೀತಾ ಬಂತು ಅಂತಿದಾರೆ. ಏನಾದ್ರೂ ಮಾಡಿ."

ಏನು ಮಾಡಲಿ? ಎಂಟಾಯಿತು, ಒಂಬತ್ತಾಯಿತು. ಮೇಲೆ ಸುತ್ತುತ್ತಿದ್ದವು ಬೇರೆ ಊರಿಗೆ ತಿರುಗಿಕೊಂಡವು. ಅವು ಇಲ್ಲಿಗೆ ಬಾರದ ಮೇಲೆ ಇಲ್ಲಿಂದ ಅವುಗಳಲ್ಲಿ ಹೊರಡಬೇಕಾದವರೂ ಉಳಿದರು. ಬೋರ್ಡಿನ ಮೇಲೆ ಮೇಲಿಂದ ಕೆಳಗಿನವರೆಗೆ ತಡ, ತಡ, ತಡ. ಹಾಲಿನಲ್ಲಿ ಚಾಪೆ ಹಾಸಲೂ ಜಾಗವಿಲ್ಲ. ಹನ್ನೆರಡು ಜನ ಹುಡುಗಿಯರು ಹಳದಿ ಅಂಗಿ ತೊಟ್ಟು ಮೂರನೇ ಗೇಟಿನ ಮುಂದೆ ನೆಲದ ಮೇಲೆ ಸಾಲಾಗಿ ಕೂತಿದ್ದರು. ಹತ್ತು ಗಂಟೆಗೆ ಅವರ ತರಬೇತುದಾರರು ಐರಿನ್ ಟೀಚರ್ ನನ್ನ ಗೂಡಿಗೆ ಬಂದರು. ಮುಖ ಸಪ್ಪಗಾಗಿತ್ತು.

"ನೀಲಕ್ಕ, ಪೈಲಟ್ ಹೇಳಿದ್ರು. ಹನ್ನೊಂದೂವರೆ ಆದ್ರೆ ಅವ್ರ ಡ್ಯೂಟಿ ಮುಗಿಯುತ್ತಂತೆ. ಆಮೇಲೆ ಆಕಾಶ ತಿಳಿಯಾದ್ರೂ ಅವ್ರು ಹಾರ್ಸೋ ಹಾಗಿಲ್ವಂತೆ. ಬೇರೆ ಪೈಲಟ್ ಇಲ್ಲ."

"ಟೀಚರ್, ಹುಡುಗೀರಿಗೆ ಹೇಳಿದ್ರಾ?"

"ಮಂಜರಿಗೆ ಮಾತ್ರ ಹೇಳಿದೆ. ಅವ್ಳು ಶೂ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡ್ತಾ ಇದಾಳೆ."

ಎಂಟು ವರ್ಷದಿಂದ ಬೆಳಗಿನ ಐದಕ್ಕೆ ಎದ್ದು ಓಡಿದ ಮಗು. ಮಂಡಿ ತರಚಿಕೊಂಡು ಬಂದಾಗಲೆಲ್ಲ ಅರಿಶಿನ ಹಚ್ಚಿದವಳು ನಾನು. ನನ್ನ ಕೆಲಸ ನಾನು ಸರಿಯಾಗಿ ಮಾಡಲಾರದೆ ಅವಳ ಆಟ ಕೆಡಿಸುತ್ತಿದ್ದೇನಲ್ಲ ಅಂತ ಸಂಕಟವಾಯಿತು. ಮೈಕ್ ಹಿಡಿದು ಇಪ್ಪತ್ತೇಳನೆಯ ಸಲ, "ತಮಗೆ ಕೈ ಮುಗಿದು ಕೇಳ್ಕೊಳ್ತೀನಿ, ಹೋಗಿ ಬನ್ನಿ" ಅಂದೆ. ಅವರು ಪಾಪ ಕಷ್ಟಪಟ್ಟು ಎದ್ದು ಹೋದರು. ನಾಲ್ಕು ನಿಮಿಷಕ್ಕೆ ಬಂದರು.

ಆಗ ಪದ್ಮರಾಜ್ ಸರ್ ಗೂಡಿಗೆ ನುಗ್ಗಿದರು. ಹೊಸ ಮ್ಯಾನೇಜರ್, ಬೇರೆ ಊರಿನಿಂದ ಬಂದು ಮೂರು ದಿನವಾಗಿತ್ತು. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಬೆಳಗಿನಿಂದ ಎಲ್ಲರ ಬೈಗುಳ ತಿಂದು ತಿಂದು ಅವರ ಕಿವಿ ಕೆಂಪಾಗಿತ್ತು.

"ಏನ್ರೀ ಇದು, ಹೋಗಿ ಬನ್ನಿ, ಹೋಗಿ ಬನ್ನಿ! ನೀವೇ ಬನ್ನಿ ಅಂದ್ರೆ ಬರದೆ ಇನ್ನೇನು ಮಾಡುತ್ತೆ ಅದು? ಹೋಗು ಅನ್ನೋಕೆ ಆಗಲ್ವಾ ನಿಮ್ಗೆ?"

"ಸರ್, ಮೆತ್ತಗೆ! ಆ ಮಾತು ಇಲ್ಲಿ ಅನ್ನೋ ಹಾಗಿಲ್ಲ."

"ಇನ್ನೂ ಎಷ್ಟು ಅಂತ ಮರ್ಯಾದೆ ಕೊಡ್ತೀರಿ? ಕೊಡಿ ಇಲ್ಲಿ." ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮೈಕ್ ಅವರ ಕೈಯಲ್ಲಿತ್ತು. "ಏ ಮಂಜು! ಸಾಕು ಇನ್ನು, ಹೋಗು!"

ಹಾಲಿನಲ್ಲಿ, ರನ್‌ವೇ ಪಕ್ಕದಲ್ಲಿ, ಹೊರಗೆ ಟ್ಯಾಕ್ಸಿಗಳಿಗೆ ಕೇಳಲೆಂದು ರಸ್ತೆಯುದ್ದಕ್ಕೂ ಕಂಬಕ್ಕೆ ಕಟ್ಟಿದ್ದ ಎಲ್ಲ ಸ್ಪೀಕರುಗಳಲ್ಲಿ ಆ ಮಾತು ಮೊಳಗಿತು. ಚೌಕಾಬಾರದ ಕವಡೆ ಹಿಡಿದ ಕೈಗಳು ಹಾಗೇ ನಿಂತವು. ಸಾವಿರ ಜನ ಕಿಟಕಿಯತ್ತ ನೋಡಿದರು. ಕಿಟಕಿಯಾಚೆ ಅವರು ಒಂದಿಷ್ಟು ಕದಲಿದ ಹಾಗೆ ಕಂಡಿತು, ಯಾರನ್ನೋ ಕರೆದರಲ್ಲ, ನನ್ನನ್ನೇ ಏನು ಅಂತ ಯೋಚಿಸುವವರ ಹಾಗೆ. ಹುಟ್ಟಿದಾಗಿನಿಂದ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ತಮ್ಮ ಹೆಸರು ಅಂತ ಅವರಿಗೆ ತಿಳಿಯುವುದಾದರೂ ಹೇಗೆ? ಅವರು ಎದ್ದು ಹೋಗಲಿಲ್ಲ.

ಎದ್ದದ್ದು ನನ್ನ ಮಗಳು. ಮೂರನೇ ಗೇಟಿನ ಮುಂದಿನ ಸಾಲಿನಿಂದ ಎದ್ದಳು, ಬ್ಯಾಗನ್ನು ಅಲ್ಲೇ ಬಿಟ್ಟಳು, ಹೊರಬಾಗಿಲಿನತ್ತ ನಡೆದಳು. "ಮಂಜರಿ, ಎಲ್ಲಿಗೇ?" ಅಂತ ಐರಿನ್ ಟೀಚರ್ ಕೂಗಿದರು. ಅವಳು ಮುಖ ಮಾತ್ರ ಈ ಕಡೆ ತಿರುಗಿಸಿ, "ಗೊತ್ತಿಲ್ಲ ಟೀಚರ್" ಅಂದಳು. ಕಾಲು ನಿಲ್ಲಲಿಲ್ಲ. ಟೀಚರ್ ಓಡಿಹೋಗಿ ಕೈ ಹಿಡಿದರು. ಟೀಚರನ್ನೂ ಎಳೆದುಕೊಂಡೇ ನಾಲ್ಕು ಹೆಜ್ಜೆ ನಡೆದಳು, ಕೈ ಜಾರಿತು. ಗಾಜಿನ ಬಾಗಿಲು ತಾನಾಗಿ ತೆರೆಯಿತು. ಹಳದಿ ಅಂಗಿ ಬಿಳಿಯೊಳಗೆ ಮುಳುಗಿತು.

ರಸ್ತೆಯ ಸ್ಪೀಕರುಗಳು ಪೆಟ್ರೋಲ್ ಬಂಕಿನವರೆಗೆ ಮಾತ್ರ. ಅದನ್ನು ದಾಟಿದಳೆಂದರೆ ನನ್ನ ದನಿ ಅವಳಿಗೆ ಕೇಳುವುದಿಲ್ಲ. ನಡೆದರೆ ಆರು ನಿಮಿಷದ ದಾರಿ, ಆದರೆ ನಡೆಯುವವಳು ಯಾರು? ಊರಿಗೇ ವೇಗದ ಹುಡುಗಿ! ನಾನು ಪದ್ಮರಾಜ್ ಸರ್ ಕೈಯಿಂದ ಮೈಕ್ ಕಿತ್ತುಕೊಂಡೆ. ಮಂಜರಿ ಅಂತ ಪೂರ್ತಿ ಹೆಸರು ಹಿಡಿದು ಕರೆಯಬೇಕು ಅಂತ ತಲೆಯಲ್ಲಿತ್ತು. ಗಂಟಲಿಗೆ ಅಷ್ಟೆಲ್ಲ ವ್ಯವಧಾನ ಇರಲಿಲ್ಲ.

"ಮಂಜೂ! ಎಲ್ಲಿಗೆ ಹೊರಟ್ಯೇ? ಬಾ. ಒಳಗೆ ಬಾ ನನ್ನ ಕಂದ, ಒಳಗೆ ಬಾ!"

ಎಲ್ಲ ಕಂಬಗಳಿಂದ ನನ್ನ ದನಿ ಹೊರಟು ಹೋಯಿತು. ಎಷ್ಟು ಹೊತ್ತೋ ತಿಳಿಯದು. ಗಾಜಿನ ಬಾಗಿಲು ತೆರೆಯಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಎರಡನೆಯ ಬಾಗಿಲು ತೆರೆಯಿತು. ಮೂರನೆಯದು, ನಾಲ್ಕನೆಯದು. ನೆಲದ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಅಯ್ಯೋ, ತಣ್ಣಗೆ ಕಾಲಿಗೆ ಏನೋ ತಾಕ್ತು" ಅಂದರು. ಬೆಳ್ಳಗೆ, ಮೆಲ್ಲಗೆ, ಹೊಸ ಮನೆಗೆ ಬಂದ ನೆಂಟರು ಚಪ್ಪಲಿ ಎಲ್ಲಿ ಬಿಡಬೇಕು ಅಂತ ಅನುಮಾನಿಸುವ ಹಾಗೆ ಅವರು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಒಳಗೆ ಬಂದರು.

ಬಂದರು ಅಂದರೆ ಬಂದೇ ಬಂದರು! ಇಷ್ಟು ವರ್ಷ ಅವರನ್ನು ತಾವು, ದಯವಿಟ್ಟು, ಅಂತ ಬಾಗಿಲಾಚೆಯೇ ನಿಲ್ಲಿಸಿ ಕಳಿಸಿದ್ದೆವು. ಬಾ ಕಂದ ಅಂತ ಯಾರೂ ಅಂದಿರಲಿಲ್ಲ. ಅದೇ ಹೆಸರು ಎರಡನೆಯ ಸಲ, ಅದೂ ದಿನಾ ಮಾತಾಡಿಸುವ ನನ್ನ ದನಿಯಲ್ಲಿ ಕೇಳಿ, ಕರೆದದ್ದು ತಮ್ಮನ್ನೇ ಅಂದುಕೊಂಡಿರಬೇಕು. ಚಾಪೆಗಳು ಮಾಯವಾದವು, ಬೋರ್ಡು ಮಾಯವಾಯಿತು, ನನ್ನ ಎದುರಿಗಿದ್ದ ಪದ್ಮರಾಜ್ ಸರ್ ಮೀಸೆಯಿಂದ ಶುರುವಾಗಿ ಪೂರ್ತಿ ಮಾಯವಾದರು. ಇಂಟರ್‌ಕಾಮಿನಲ್ಲಿ ಫಕ್ರುದ್ದೀನ್ ಸಾಹೇಬರು ಕಿರುಚಿದರು, "ನೀಲಕ್ಕ! ದೀಪ ಆರು! ಒಂಬತ್ತು! ಹನ್ನೆರಡು! ಯಾ ಅಲ್ಲಾ, ಕೊನೇ ದೀಪಾನೂ ಕಾಣ್ತಿದೆ! ಇಪ್ಪತ್ತು ವರ್ಷದಲ್ಲಿ ನಾನು ಅದನ್ನ ನೋಡೇ ಇರಲಿಲ್ಲ! ಮೊದಲು ಖೋಖೋ ಹುಡುಗೀರ ಗಾಡಿ ಬಿಡ್ತೀನಿ, ಹತ್ತಿಸಿ!"

"ನನ್ನ ಮಗಳು ಬಂದ್ಲಾ? ಯಾರಾದ್ರೂ ನೋಡಿದ್ರಾ?" ಅಂತ ನಾನು ಕೂಗಿದೆ. ಒಳಗೆ ಯಾರಿಗೆ ಯಾರೂ ಕಾಣುತ್ತಿರಲಿಲ್ಲ. ಆಗ ಬಾಗಿಲ ಕಡೆಯಿಂದ, ಓಡಿ ಬಂದು ಏದುಸಿರು ಬಿಡುವ ದನಿಯೊಂದು, "ಅಮ್ಮ, ಇಲ್ಲೇ ಇದೀನಿ" ಅಂದಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಹತ್ತಿಸುವುದು ಹೇಗೆ? ಮೂರನೇ ಗೇಟು ಎಲ್ಲಿದೆ ಅಂತ ಯಾರಿಗೂ ತಿಳಿಯದು. ಗಡಿಯಾರವೂ ಕಾಣದು, ಹನ್ನೊಂದು ದಾಟಿತ್ತು ಅಂತ ಮಾತ್ರ ಗೊತ್ತು. ಸೂಟ್‌ಕೇಸಿಗೆ ಎಡವಿ ಬಿದ್ದವರು, ಬೇರೆಯವರ ಮಗುವನ್ನು ಎತ್ತಿಕೊಂಡವರು, ಕೂಗಾಟ. ಅದರ ನಡುವೆ ಮಂಜರಿಯ ದನಿ ಮೇಲೆದ್ದಿತು. "ಎಲ್ರೂ ಇದ್ದಲ್ಲೇ ಕೂತ್ಕೊಳ್ರೇ! ಗೇಟಿನ ಹತ್ರ ಇರೋಳು ಶುರು ಮಾಡು, ಕೈಗೆ ಸಿಕ್ಕಿದ ಬೆನ್ನು ಮುಟ್ಟಿ ಖೋ ಕೊಡು!" ಆಮೇಲೆ ದೂರದಲ್ಲಿ, "ಖೋ!" ಅದರ ಈಚೆಗೆ ಇನ್ನೊಂದು, "ಖೋ!" ಮತ್ತೊಂದು. ಹುಡುಗಿಯರ ಬೆನ್ನು ಮುಗಿದ ಕಡೆ ಬೇರೆ ಪ್ರಯಾಣಿಕರ ಬೆನ್ನು ಸಿಕ್ಕಿತು. ಅವರೂ ಕೊಟ್ಟರು. ಆ ಅಜ್ಜಿ ಕೊಟ್ಟ ಖೋ ಎಷ್ಟು ಜೋರಾಗಿತ್ತೆಂದರೆ ಇಡೀ ಹಾಲು ನಕ್ಕುಬಿಟ್ಟಿತು. ಆ ಸದ್ದಿನ ದಾರಿ ಹಿಡಿದು ಆ ವಿಮಾನ ಹತ್ತಬೇಕಾದ ಜನ ಒಬ್ಬರ ಹಿಂದೆ ಒಬ್ಬರು ಮೂರನೇ ಗೇಟಿಗೆ ಸರಿದರು.

ನಾನು ಎದ್ದು ಮಗಳ ಹತ್ತಿರ ಹೋಗೋಣ ಅಂತ ಮೈಕ್ ಕೆಳಗಿಟ್ಟೆ. "ನೀಲಕ್ಕ, ಏನ್ಮಾಡಿದ್ರಿ?" ಅಂತ ಟವರಿನಿಂದ ಗಾಬರಿಯ ದನಿ. "ಎರಡು ದೀಪ ಮಸುಕಾಯ್ತು! ಅವ್ರು ಏಳ್ತಾ ಇದಾರೆ. ಮಾತು ನಿಲ್ಲಿಸ್ಬೇಡಿ!" ಸರಿಯಾದ ಮಾತೇ. ಒಳಗೆ ಕರೆದು ಕೂರಿಸಿ ಮಾತಾಡಿಸದೆ ಎದ್ದು ಹೋದರೆ ಯಾವ ನೆಂಟರು ಕೂತಾರು? ನಾನು ಮತ್ತೆ ಕೂತೆ. "ಮಂಜು, ಕೂತ್ಕೋ ತಾಯಿ, ಏನವಸರ" ಅಂದೆ. ತಣ್ಣನೆಯದೊಂದು ಬಂದು ನನ್ನ ತೊಡೆಯ ಮೇಲೇ ಕೂತಿತು. ಆಮೇಲೆ ನಾನು ಏನೇನು ಮಾತಾಡಿದೆನೋ! ಮಂಡಿ ತರಚಿದ್ದು, ಅರಿಶಿನ ಹಚ್ಚಿದ್ದು, ಮೊದಲ ಸಲ ಓಟದಲ್ಲಿ ಗೆದ್ದು ತಂದ ಸ್ಟೀಲ್ ಡಬ್ಬಿಯಲ್ಲಿ ಈಗಲೂ ಸಾಸಿವೆ ಹಾಕಿಡುವುದು. ಮಗಳ ಕಥೆಯನ್ನೆಲ್ಲ ಅವರಿಗೆ ಅವರದೇ ಕಥೆ ಅನ್ನುವ ಹಾಗೆ ಹೇಳಿದೆ. ಪದ್ಮರಾಜ್ ಸರ್ ತಪ್ಪಿಗೆ ಪ್ರಾಯಶ್ಚಿತ್ತ ಅನ್ನುವಂತೆ ತಡಕಾಡಿಕೊಂಡು ಕಾಫಿ ತಂದರು, ಯಾರ ಮುಂದಿಡಬೇಕು ತಿಳಿಯದೆ ಗೂಡಿನ ಹೊಸ್ತಿಲ ಮೇಲೆ ಇಟ್ಟರು.

ಆಗ ನನ್ನ ಭುಜದ ಮೇಲೆ ಬೆಚ್ಚನೆಯ ಕೈಯೊಂದು ಬಂತು. "ಅಮ್ಮ, ಎಲ್ರೂ ಹತ್ತಿದ್ರು. ನಾನೊಬ್ಳೇ ಉಳಿದಿರೋದು. ಹೇಳಮ್ಮ ಬೇಗ."

ಹೋಗಿ ಬಾ ಮಂಜು ಅಂದರೆ ತೊಡೆಯ ಮೇಲೆ ಕೂತವರೂ ಏಳುತ್ತಾರೆ. ಎದ್ದರೆ ನಾಲ್ಕೇ ನಿಮಿಷಕ್ಕೆ ವಾಪಸು ರನ್‌ವೇ ಮೇಲೆ. ಪೂರ್ತಿ ಹೆಸರು ಹಿಡಿದು ಹೇಳಿದರೂ, ಹೆಸರು ಬಿಟ್ಟು ಹೇಳಿದರೂ ಅಷ್ಟೇ, ಇಪ್ಪತ್ತು ವರ್ಷದಿಂದ ಆ ಮಾತನ್ನು ಅವರಿಗೇ ಹೇಳಿಕೊಂಡು ಬಂದಿದ್ದೇನೆ. ಪಿಸುಗುಟ್ಟೋಣವೆಂದರೆ ಅವರು ನನ್ನ ಕಿವಿಯಲ್ಲೂ ಇದ್ದರು. ಹೇಳಿದರೆ ಮಗಳಿಗೆ ಆಟವಿಲ್ಲ. ಹೇಳದೆ ಕಳಿಸಿದರೆ? ನಮ್ಮೂರಲ್ಲಿ ಹಾಗೆ ಮಗಳನ್ನು ಕಳಿಸಿದ ತಾಯಿ ಇಲ್ಲ. ಅವಳು ಬಂದೇ ಬರುತ್ತಾಳೆ ಅನ್ನಲು ನನಗೆ ಯಾವ ಆಧಾರವೂ ಉಳಿಯುವುದಿಲ್ಲ. ನಾನು ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದೆ, ಕೆನ್ನೆಗೆ ಒತ್ತಿಕೊಂಡೆ. ಮೈಕಿಗೆ, "ಆ ಸ್ಟೀಲ್ ಡಬ್ಬಿ ಇದೆಯಲ್ಲ ಮಂಜು, ಅದರ ಮುಚ್ಚಳ ಈಗಲೂ ಬಿಗಿ" ಅಂತ ಹೇಳುತ್ತಲೇ ಇದ್ದೆ. ಅವಳಿಗೆ ಅರ್ಥವಾಯಿತು. "ಬರ್ತೀನಮ್ಮ" ಅಂದಳು. ಕೈ ಬಿಟ್ಟುಹೋಯಿತು. ಓಡುವ ಹೆಜ್ಜೆ ಸದ್ದು ಕೇಳಿಸಿತು, ಆಮೇಲೆ ನಿಂತಿತು.

ವಿಮಾನ ಹಾರಿದ್ದನ್ನು ನಾವು ಯಾರೂ ನೋಡಲಿಲ್ಲ, ಕೇಳಿಸಿಕೊಂಡೆವು. ಮೊದಲು ಗುಡುಗಿದಂತೆ, ಆಮೇಲೆ ಗಾಜುಗಳೆಲ್ಲ ನಡುಗುವಂತೆ, ಆಮೇಲೆ ತಲೆಯ ಮೇಲೆಯೇ. ಹನ್ನೊಂದು ಇಪ್ಪತ್ತಾರು ಅಂತ ಟವರಿನಿಂದ ಕೂಗಿದರು. ಕಾಣದ ಸಾವಿರ ಜನ ಒಟ್ಟಿಗೆ ಚಪ್ಪಾಳೆ ತಟ್ಟಿ ಕೇಕೆ ಹಾಕಿದರು. ನಾನೂ ಕೇಕೆ ಹಾಕಿದೆ, ಜೊತೆಗೆ ಅಳುತ್ತಲೂ ಇದ್ದೆ. ಸಂಜೆ ನಾಲ್ಕರವರೆಗೆ ಸರದಿ ಮೇಲೆ ಎಲ್ಲರೂ ಬಂದು ಅವರನ್ನು ಮಾತಾಡಿಸಿದರು. ಅಜ್ಜಿ ತಮ್ಮ ಸೊಸೆಯ ದೂರು ಹೇಳಿಕೊಂಡರು. ಎಪ್ಪತ್ತು ವಿಮಾನದಲ್ಲಿ ಅರವತ್ತೊಂದು ಹೋದವು. ನಾಲ್ಕೂವರೆಗೆ ಟವರಿಗೆ ಫೋನ್ ಬಂತು. ಎರಡಕ್ಕೆ ಏಳು ನಿಮಿಷ ಇರುವಾಗ ಹಾಜರಿ ಹಾಕಿದ್ದರಂತೆ, ಒಂದು ಪಾಯಿಂಟಿನಲ್ಲಿ ನಮ್ಮ ಹುಡುಗಿಯರು ಗೆದ್ದರಂತೆ! ಊರೆಲ್ಲ ಪಟಾಕಿ. ನಾನು ಮಾತ್ರ ಪಟಾಕಿ ಸದ್ದಿನಲ್ಲಿ ಊಟ ಸೇರದೆ ಕೂತಿದ್ದೆ.

ಮೂರನೆಯ ದಿನ ತಂಡ ಬರುವುದಿತ್ತು. ಕೆಲಸಕ್ಕೆ ರಜೆ ಹಾಕಿ ಎರಡು ಗಂಟೆ ಮುಂಚೆಯೇ ಹೋಗಿ ಇಳಿಯುವ ಬಾಗಿಲಲ್ಲಿ ನಿಂತೆ. ವಿಮಾನ ಇಳಿಯಿತು. ಹಳದಿ ಅಂಗಿಗಳು ಒಂದೊಂದಾಗಿ ಬಂದವು. ಅವರವರ ತಾಯಂದಿರು ಅವರವರನ್ನು ಅಪ್ಪಿಕೊಂಡರು. ಎಣಿಸಿದೆ, ಹನ್ನೊಂದು. ಐರಿನ್ ಟೀಚರ್ ಗೆದ್ದ ಕಪ್ ಎತ್ತಿಕೊಂಡು ಬಂದರು. ಅವರ ಹಿಂದೆ ಯಾರೂ ಇರಲಿಲ್ಲ. "ಟೀಚರ್, ಅವ್ಳು?" ಅಂದೆ. ಅವರು ಹಿಂದೆ ತಿರುಗಿ ನೋಡಿ, "ಅರೆ, ಜೊತೆಗೇ ಇಳಿದ್ಲಲ್ಲ" ಅಂದರು.

ಬಾಗಿಲು ಮುಚ್ಚಿತು. ಬಾಗಿಲು ತೆರೆಯಿತು. ಒಂದು ಶೂ ಕಾಲಲ್ಲಿ, ಲೇಸು ಹರಿದ ಇನ್ನೊಂದು ಶೂ ಕೈಯಲ್ಲಿ ಹಿಡಿದು ನನ್ನ ಮಗಳು ಕುಂಟಿಕೊಂಡು ಓಡಿ ಬಂದಳು. ಬಂದವಳೇ ನನ್ನ ಮುಂದೆ ನಿಂತು, "ನೀನು ಹೇಳ್ಲೇ ಇಲ್ಲ" ಅಂದಳು.

"ಇಲ್ಲ ಕಂದ, ಹೇಳಲಿಲ್ಲ" ಅಂದೆ.

"ಅಲ್ಲಿ ಗೆದ್ದ ಮೇಲೆ ಕಾದು ನೋಡ್ದೆ ಅಮ್ಮ. ಉಳಿದೋರ ಕಾಲು ತಾನಾಗೇ ಈ ಕಡೆ ತಿರುಗ್ತಾ ಇತ್ತು, ನನ್ನ ಕಾಲು ಸುಮ್ನೆ ನಿಂತಿತ್ತು. ಎಲ್ಲಿಗೆ ಬೇಕಾದ್ರೂ ಹೋಗ್ಬಹುದಿತ್ತು." ಅವಳು ಮೂಗು ಒರೆಸಿಕೊಂಡಳು. "ಆಮೇಲೆ ನಾನೇ ತಿರುಗಿದೆ."